ಸೂರಿನ ಲೆಕ್ಕ

ಹೊಂದಿಕೊಂಡು ಬಾಳುವುದು ಹೆಣ್ಣಿನ ಹುಟ್ಟುಗುಣ, ಪ್ರಕೃತಿ ನಿಯಮ ಎನ್ನುವವರ ಮಾತು ಮೂವತ್ತು ವರ್ಷ ಪಾಠ ಹೇಳಿದ ನನಗೆ ಸುತರಾಂ ಒಪ್ಪಿಗೆಯಿಲ್ಲ. ಪ್ರಕೃತಿಯನ್ನೇ ನೋಡಿ. ಯುರೋಪಿನ ತೊರೆಗಳ ಬುಲ್‌ಹೆಡ್ ಮೀನಿನಲ್ಲಿ ಗಂಡು ಕಲ್ಲಿನಡಿ ಜಾಗ ಹಿಡಿಯುತ್ತದೆ. ಹೆಣ್ಣು ಆ ಕಲ್ಲಿನ ಒಳಮೈಗೆ ಮೊಟ್ಟೆ ಅಂಟಿಸುತ್ತದೆ. ಕಾಯುವುದು ಗಂಡೇ. ಕಲ್ಲು ಧಾರಾಳವಿದ್ದಲ್ಲಿ ಬಹಳಷ್ಟು ಗಂಡುಗಳಿಗೆ ಗೂಡುಂಟು. ವಿರಳವಾದಲ್ಲಿ ಒಂದೇ ಸೂರಿನಡಿ ಹಲವು ಹೆಣ್ಣುಗಳ ಮೊಟ್ಟೆ. ಮೀನು ಅದೇ, ಬದಲಾದದ್ದು ಕಲ್ಲಿನ ಲೆಕ್ಕ.

ಬೇರೆ ಸೂರಿಲ್ಲದವಳ ಮೌನಕ್ಕೆ 'ಹೊಂದಾಣಿಕೆ' ಎಂದು ಹೆಸರಿಡಬೇಡಿ. ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕದ ಕಾನೂನು 1994ರಲ್ಲಿ, ದೇಶದ ಕಾನೂನು 2005ರಲ್ಲಿ ಕೊಟ್ಟವು. ಆದರೂ ತವರಿನ ಒಂದು ಸೀರೆಗೆ ಹಕ್ಕು ಬಿಟ್ಟು ಸಹಿ ಹಾಕುತ್ತೇವಲ್ಲ! ಅಕ್ಕತಂಗಿಯರೇ, ಸಹಿಗೆ ಮುನ್ನ ನಿಮಗೊಂದು ಸೂರಿದೆಯೇ ನೋಡಿಕೊಳ್ಳಿ.