ಕಬ್ಬಿಣದ ಕಣವೂ ಕಾರ್ಮಿಕನ ಆರೋಗ್ಯವೂ

2020ರ ಮೇ ತಿಂಗಳನ್ನು ನಮ್ಮ ಬಂಧುಗಳು ಮರೆತಿರಲಾರರು. ಮುಂಬಯಿಯ ಹೋಟೆಲುಗಳ ಒಲೆ ಆರಿತ್ತು. ಊರು ಸೇರಿದರೆ ಸಾಕೆಂದು ಉಡುಪಿಯ ಕಡೆಗೆ ಹೊರಟವರನ್ನು ಅಲ್ಲಿ ಪ್ರತ್ಯೇಕವಾಗಿ ಇರಿಸಿದರು. ಗಂಟಲ ದ್ರವ ಕೊಟ್ಟು ವರದಿಗಾಗಿ ಕಾದು ಕುಳಿತವರಿಗೆ ಮನೆ ಹತ್ತಿರವಿದ್ದರೂ ದೂರವಾಗಿತ್ತು.

ವರದಿ ತಡವಾಗಲು ಕಾರಣಗಳು ಹಲವು. ಅವುಗಳಲ್ಲೊಂದನ್ನು ನಾವು ತಿಳಿಯತಕ್ಕದ್ದು. ಕೋವಿಡ್ ರೋಗಾಣುವಿನ ಆರ್‌ಎನ್‌ಎ ಎಂಬ ಅಂಶವನ್ನು ಗಂಟಲ ದ್ರವದ ಕಶ್ಮಲದಿಂದ ಮೊದಲು ಬೇರ್ಪಡಿಸಬೇಕು, ಆಮೇಲೆ ಪರೀಕ್ಷೆ. ಬೇರ್ಪಡಿಸುವ ಸಾಮಗ್ರಿಗೆ ನಾವು ಬಹುಮಟ್ಟಿಗೆ ಹೊರದೇಶಗಳನ್ನೇ ನಂಬಿದ್ದೆವು. ಲೋಕವೆಲ್ಲ ಒಮ್ಮೆಗೇ ಕೈ ಚಾಚಿದಾಗ ಅದಕ್ಕೆ ಬರ ಬಂತು.

ಈ ಕೆಲಸಕ್ಕೆ ಒದಗುವುದು ಕಾಂತಗುಣವುಳ್ಳ ಕಬ್ಬಿಣದ ನ್ಯಾನೊ ಕಣ. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರು. ಇಂಥ ಕಣದ ಗಾತ್ರ ಸುಮಾರು 10 ನ್ಯಾನೊಮೀಟರು. ಎರಡು ಬಗೆಯ ಕಬ್ಬಿಣದ ಲವಣಗಳನ್ನು 1ಕ್ಕೆ 2ರ ಪ್ರಮಾಣದಲ್ಲಿ ನೀರಿನಲ್ಲಿ ಕರಗಿಸಿ, ಕಲಕುತ್ತ ಅಮೋನಿಯ ಹಾಕಿದರೆ ಕಪ್ಪು ಪುಡಿ ಇಳಿಯುತ್ತದೆ. ಅದಕ್ಕೆ ಸಿಲಿಕದ ಲೇಪ ಕೊಟ್ಟು, ತಕ್ಕ ಲವಣದೊಡನೆ ದ್ರವಕ್ಕೆ ಬೆರೆಸಿದರೆ ಆರ್‌ಎನ್‌ಎ ಅದಕ್ಕೆ ಅಂಟುತ್ತದೆ. ನಳಿಗೆಯ ಹೊರಗೆ ಅಯಸ್ಕಾಂತ ಹಿಡಿದರೆ ಕಣಗಳೆಲ್ಲ ಒಂದು ಬದಿಗೆ ಸೇರುತ್ತವೆ. ಕೊಳೆಯನ್ನು ಚೆಲ್ಲಿ ತೊಳೆಯಬಹುದು. ಅಯಸ್ಕಾಂತ ತೆಗೆದರೆ ಮತ್ತೆ ಬಿಡಿಬಿಡಿಯಾಗುತ್ತವೆ.

ಸರಕು ದುಬಾರಿಯದಲ್ಲ, ಕಷ್ಟವಿರುವುದು ಪ್ರತಿ ಬಾರಿಯೂ ಒಂದೇ ಗಾತ್ರದ ಕಣ ತೆಗೆಯುವುದರಲ್ಲಿ. ನೂಲು ಒಂದೇ ಸಮನಿಲ್ಲದಿದ್ದರೆ ಬಟ್ಟೆ ಕೆಡುವುದನ್ನು ಗಿರಣಿಯಲ್ಲಿ ದುಡಿದವರು ಬಲ್ಲರು. ಇಲ್ಲಿಯೂ ಹಾಗೆಯೇ.

ನಮ್ಮ ದೇಶಕ್ಕೆ ಇದು ಆಗದ ಕೆಲಸವೇ? ಅಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ವಿಜ್ಞಾನಿಗಳು ಇದೇ ಬಗೆಯ ಕಣಗಳಿಂದ 'ಚಿತ್ರಾ ಮ್ಯಾಗ್ನ' ಎಂಬ ಸಾಮಗ್ರಿ ರೂಪಿಸಿದರು. 2020ರಲ್ಲಿಯೇ ಅದು ಮಾರುಕಟ್ಟೆಗೂ ಬಂತು. ಅದು ಕೇಂದ್ರ ಸರಕಾರದ ಸಂಸ್ಥೆ. ನಾವು ಬೆಂಕಿಪೊಟ್ಟಣ ಕೊಂಡಾಗ ತೆತ್ತ ತೆರಿಗೆಯ ಕಾಸೂ ಅಲ್ಲಿದೆ.

ಆದರೆ 2020ರ ಮಾರ್ಚಿನಲ್ಲಿ ಖಾಸಗಿ ಲ್ಯಾಬುಗಳ ಪರೀಕ್ಷೆಗೆ ಗೊತ್ತುಪಡಿಸಿದ ಗರಿಷ್ಠ ದರ 4,500 ರೂಪಾಯಿ! ಕೆಲಸವಿಲ್ಲದ ಮಾಣಿ ಅದನ್ನು ಎಲ್ಲಿಂದ ತರಬೇಕಿತ್ತು? ಯಂತ್ರ, ರಾಸಾಯನಿಕ, ಸಿಬ್ಬಂದಿಯ ಖರ್ಚು ಇರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಾರ್ವಜನಿಕ ಹಣದಿಂದ ಹುಟ್ಟಿದ ವಿದ್ಯೆ ಮೊದಲು ಸಾರ್ವಜನಿಕ ಆಸ್ಪತ್ರೆಗೆ ಸಲ್ಲಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಪಿಡುಗು ಬಂದಮೇಲೆ ಹುಡುಕುವುದಲ್ಲ. ಇಂಥ ಸಾಮಗ್ರಿ ಇಲ್ಲಿಯೇ ತಯಾರಾಗಿ, ಮುನಿಸಿಪಾಲಿಟಿ ಆಸ್ಪತ್ರೆಗಳಲ್ಲಿ ಸದಾ ಸಿದ್ಧವಿರಬೇಕು.

'ಇದು ಪಂಡಿತರ ಮಾತು, ನಮಗೇಕೆ?' ಎನ್ನುವವರಿಗೆ ನಮ್ಮ ಅರಿಕೆಯಿಷ್ಟೆ: ಪರೀಕ್ಷೆ ತಡವಾದರೆ ಮೊದಲು ಕೂಲಿ ಕಳೆದುಕೊಳ್ಳುವವರು ನಾವು. ಆದಕಾರಣ ಸಂಘಗಳು ಸಂಬಳದ ಬೇಡಿಕೆಯ ಜೊತೆಗೆ ಈ ಬೇಡಿಕೆಯನ್ನೂ ಮುಂದಿಡಲಿ. ನಮ್ಮ ಮಕ್ಕಳು ವಿಜ್ಞಾನ ಕಲಿಯಲಿ. ತಟ್ಟೆ ತೊಳೆದ ಕೈಯ ಮಗನೋ ಮಗಳೋ ನಾಳೆ ಆ ಕಣವನ್ನು ತಯಾರಿಸಿದರೆ ಅದಕ್ಕಿಂತ ದೊಡ್ಡ ಬೋನಸು ನಮಗೆ ಬೇರೆ ಬೇಕಿಲ್ಲ.