ರಸಬಾಳೆಯ ಹೆಸರೂ ಹಣ್ಣೂ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಬೀದಿಗೆ ಹೊರಟಾಗ ನೆರೆದ ಜನರು ಹಣ್ಣು ಜವನಗಳನ್ನೆಸೆದು ಕೈಮುಗಿಯುವರು. ಆ ಹಣ್ಣು ಯಾವ ಊರಿನದೆಂದು ಕೇಳುವವರು ಈಗ ವಿರಳ. ಕೇಳಿದರೂ ದೊರೆಯುವ ಉತ್ತರವು ಈ ಸೀಮೆಗೆ ಗೌರವ ತರತಕ್ಕದ್ದಲ್ಲ. ಊರಿನ ಹೆಸರನ್ನೇ ಹೊತ್ತ ರಸಬಾಳೆಯು ಆ ಊರಿನ ಸುತ್ತಲೇ ಅಪರೂಪವಾಗಿದೆ.

ದೇವರಸನಹಳ್ಳಿಯ ಕಡೆಯ ಕಪ್ಪು ಮಣ್ಣಿನಲ್ಲಿ ಬೆಳೆದ ಈ ಹಣ್ಣಿನ ತೆಳು ಸಿಪ್ಪೆ, ಮೆತ್ತನೆಯ ತಿರುಳು, ಕಂಪು ಇವುಗಳನ್ನು ಒಮ್ಮೆ ಕಂಡವರು ಮರೆಯಲಾರರು. ಹಬ್ಬದ ದಿನ ಬೆಲ್ಲ, ಕಾಯಿತುರಿ, ಏಲಕ್ಕಿಗಳೊಡನೆ ಕಲಸಿದ ರಸಾಯನಕ್ಕೆ ಇದಕ್ಕಿಂತ ಮಿಗಿಲಾದ ಹಣ್ಣಿಲ್ಲ. 1999ರ ಕಾನೂನಿನ ಮೇರೆಗೆ ಇದಕ್ಕೆ ಭೌಗೋಳಿಕ ಗುರುತೂ ದೊರೆತಿದೆ. ಆದರೆ ಕಾನೂನು ಕಾಯುವುದು ಹೆಸರನ್ನು. ಗಿಡವನ್ನು ಕಾಯತಕ್ಕವರು ಯಾರು?

ಹಣ್ಣಿಗೆ ಬಂದ ಕೇಡು ಪನಾಮಾ ಸೊರಗು ರೋಗ. ಮಣ್ಣಿನಲ್ಲಿರುವ ಶಿಲೀಂಧ್ರವು ಬೇರಿನಿಂದ ಹೊಕ್ಕು ನೀರೇರುವ ನಾಳಗಳನ್ನು ಕಟ್ಟುತ್ತದೆ. ಎಲೆಗಳು ಹಳದಿಯಾಗಿ ಜೋತುಬೀಳುತ್ತವೆ. ಒಮ್ಮೆ ನೆಲೆಯೂರಿದರೆ ಹಲವು ದಶಕಗಳವರೆಗೆ ಅದು ಮಣ್ಣನ್ನು ಬಿಡದು. ನಂಜನ್ನುಂಡ ದೇವರ ಊರಿನಲ್ಲಿ ಮಣ್ಣಿಗೇ ನಂಜು ತಗುಲಿತು. ಇದೇ ರೋಗವು ಮಧ್ಯ ಅಮೆರಿಕದ ಗ್ರೋ ಮಿಷೆಲ್ ಬಾಳೆಯ ತೋಟಗಳನ್ನು ಹಾಳುಮಾಡಿದಾಗ, 1960ರ ಸುಮಾರಿಗೆ ಅಲ್ಲಿನ ವ್ಯಾಪಾರಿಗಳು ಕ್ಯಾವೆಂಡಿಷ್ ತಳಿಗೆ ತಿರುಗಿದರು. ನಮ್ಮ ಪಚ್ಚಬಾಳೆಯೂ ಅದೇ ಕುಲದ್ದು. ಅವರಿಗೆ ಬೇಕಾದುದು ವ್ಯಾಪಾರ, ತಳಿ ಬದಲಿಸಿದರು. ನಮ್ಮ ಹಣ್ಣಿನಲ್ಲಿ ಊರೇ ಸೇರಿಕೊಂಡಿದೆ. ಅದನ್ನು ಬದಲಿಸುವ ಬಗೆಯೆಂತು?

ಪಚ್ಚಬಾಳೆಯ ಗೊನೆ ಭಾರ, ರಸಬಾಳೆಯದು ಹಗುರ. ಕಿಲೋ ಲೆಕ್ಕದಲ್ಲಿ ಮಾರುವ ಈ ಕಾಲದಲ್ಲಿ ರೋಗದ ಅಪಾಯವನ್ನೂ ಹೊತ್ತು ರಸಬಾಳೆ ನೆಡೆಂದು ರೈತನಿಗೆ ಬರಿಯ ಮಾತಿನಿಂದ ಹೇಳುವುದು ನ್ಯಾಯವಲ್ಲ. ಕಪಿಲೆಯು ನಂಜನಗೂಡಿನಿಂದ ಹರಿದು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿಯಿದೆ. ಆ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಜನರ ನಂಬಿಕೆ. ಈ ಸೀಮೆಯ ಹಿರಿಯರು ಹಿರಿಮೆಯನ್ನು ಮಣಗಳಿಂದ ಅಳೆಯಲಿಲ್ಲ, ಗುಲಗಂಜಿಯಿಂದ ಅಳೆದರು. ರಸಬಾಳೆಯ ಹೆಚ್ಚಳವೂ ಅಂತಹ ಗುಲಗಂಜಿಯೇ. ಅದಕ್ಕೆ ಬೆಲೆ ಕೊಡತಕ್ಕವರು ಕೊಳ್ಳುವವರು.

ಆದುದರಿಂದ ನಾವು ಕೇಳುವುದಿಷ್ಟು. ತೋಟಗಾರಿಕೆ ಇಲಾಖೆಯವರು ಅಂಗಾಂಶ ಕೃಷಿಯಿಂದ ಬೆಳೆಸಿ ಪರೀಕ್ಷಿಸಿದ ರೋಗರಹಿತ ಸಸಿಗಳನ್ನು, ರೋಗ ಕಾಣದ ಹೊಲಗಳಿಗೆ, ಸಕಾಲದಲ್ಲಿ ಒದಗಿಸಲಿ. ರೋಗ ಬಿದ್ದ ತೋಟದ ಕಂದುಗಳನ್ನು ನೆರೆಯವರಿಗೆ ಹಂಚುವ ರೂಢಿಯನ್ನು ರೈತರು ಬಿಡಲಿ. ನೀರು ನಿಲ್ಲಿಸಿ ಬತ್ತ ಬೆಳೆದು ಸರದಿ ಮಾಡಿದರೆ ರೋಗದ ಬಲ ಕುಗ್ಗುವುದುಂಟು. ಮುಜರಾಯಿಯವರು ಶ್ರೀಕಂಠೇಶ್ವರನ ಸೇವೆಗೆ ಬೇಕಾದ ಹಣ್ಣನ್ನು ಮೊದಲೇ ಬೆಲೆ ಗೊತ್ತುಮಾಡಿ ನೇರವಾಗಿ ಬೆಳೆಗಾರರಿಂದಲೇ ಕೊಳ್ಳಲಿ. ಪಟ್ಟಣಿಗರಾದ ನಾವು, ಅಂಗಡಿಯಲ್ಲಿ ನಂಜನಗೂಡಿನದೆಂದು ಕೂಗಿದೊಡನೆ ಚೀಲವೊಡ್ಡದೆ, ಬೆಳೆದ ಹಳ್ಳಿ ಯಾವುದೆಂದು ಕೇಳಿ, ನಿಜವಾದರೆ ನಾಲ್ಕು ಕಾಸು ಹೆಚ್ಚು ತೆತ್ತು ತರೋಣ.

ಸ್ವದೇಶಾಭಿಮಾನವೆಂಬುದು ಸಭೆಯ ಭಾಷಣದಲ್ಲಿ ಮುಗಿಯತಕ್ಕದ್ದಲ್ಲ. ಮುಂದಿನ ಜಾತ್ರೆಯಲ್ಲಿ ತೇರಿನ ಮೇಲೆ ಬೀಳುವ ಹಣ್ಣು ಆ ದೇವರ ಊರಿನ ಮಣ್ಣಿನಲ್ಲಿಯೇ ಬೆಳೆದುದಾಗಿರಲಿ.