ರಿಪೇರಿ ಆದ ಮೇಲೂ ಟಿಲ್ಲರ್ ಎಳೀತಿಲ್ವಾ? ತಕ್ಷಣ ‘ಟೈಮಿಂಗ್’ ಅನ್ನಬೇಡಿ

ಹುತ್ತೂರು ಕಡೆ ಟೊಮೆಟೊ ಹೊಲ, ಹಿಪ್ಪುನೇರಳೆ ತೋಟದಲ್ಲಿ ಪವರ್ ಟಿಲ್ಲರ್ ಓಡಿಸುವ ಗೆಳೆಯರಿಗೆ ಈ ಮಾತು. ಎಂಜಿನ್ ಬಿಚ್ಚಿ ಕಟ್ಟಿಸಿಕೊಂಡು ಬಂದ ಮೇಲೆ ಸ್ಟಾರ್ಟ್ ಕಷ್ಟ, ಹೊಗೆ ಜಾಸ್ತಿ, ಲೋಡಿಗೆ ಎಳೆಯಲ್ಲ ಅಂದರೆ ನಮ್ಮ ಬಾಯಿಗೆ ಬರೋ ಮೊದಲ ಮಾತು, ‘ಟೈಮಿಂಗ್ ತಪ್ಪಿಸಿದ್ದಾನೆ’.

ನಾನೂ ಹಾಗೇ ಅಂದಿದ್ದೆ. ಮೆಕ್ಯಾನಿಕ್ ಅಣ್ಣನ ಹತ್ತಿರ ಜಗಳವಾಡಿ ಗೇರ್ ಕವರ್ ಮತ್ತೆ ಬಿಚ್ಚಿಸಿದೆ. ಗುರುತುಗಳು ಸರಿಯಾಗೇ ಇದ್ದವು. ತಪ್ಪಿದ್ದದ್ದು ಟ್ಯಾಪೆಟ್ ಗ್ಯಾಪ್. ಹೊಸ ಹೆಡ್ ಗ್ಯಾಸ್ಕೆಟ್ ಕೂತ ಮೇಲೆ ಗ್ಯಾಪ್ ಕಡಿಮೆಯಾಗಿ, ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತಿತ್ತು. ಎರಡನೇ ಕೂಲಿ ನನ್ನ ತಲೆಗೇ ಬಂತು, ನಾಟಿಯ ಎರಡು ದಿನವೂ ಹೋಯಿತು.

ಹಾಗಂತ ಟೈಮಿಂಗ್ ತಪ್ಪುವುದೇ ಇಲ್ಲ ಅಂತಲ್ಲ. ಕ್ರ್ಯಾಂಕ್ 2 ಸುತ್ತು ತಿರುಗಿದರೆ ಕ್ಯಾಮ್ 1 ಸುತ್ತು. ಕ್ರ್ಯಾಂಕ್ ಗೇರಿಗೆ 24 ಹಲ್ಲು ಇದ್ದರೆ, ಒಂದು ಹಲ್ಲು ತಪ್ಪಿದರೂ 15 ಡಿಗ್ರಿ ವ್ಯತ್ಯಾಸ. ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯಲೂಬಹುದು. ಅದಕ್ಕೇ ಅನುಮಾನ ಬಂದ ಎಂಜಿನನ್ನು ‘ಓಡ್ತಾ ಓಡ್ತಾ ಸರಿಹೋಗುತ್ತೆ’ ಅಂತ ಓಡಿಸಬೇಡಿ.

ಮೊದಲು ಖರ್ಚಿಲ್ಲದ್ದನ್ನು ನೋಡಿ. ಡೀಸೆಲ್ ಲೈನಿನ ಏರ್ ತೆಗೆದಿದ್ದಾರಾ? ಏರ್ ಕ್ಲೀನರ್ ಕಟ್ಟಿದೆಯಾ? ಟ್ಯಾಪೆಟ್ ಗ್ಯಾಪ್ ಕೈಪಿಡಿಯಲ್ಲಿ ಇರುವಷ್ಟೇ ಇದೆಯಾ?

ಇಷ್ಟೂ ಸರಿ ಇದ್ದರೆ ಡೀಸೆಲ್ ಬಂದ್ ಮಾಡಿ, ರಾಕರ್ ಕವರ್ ತೆಗೆದು, ಫ್ಲೈವೀಲನ್ನು ಅದು ತಿರುಗುವ ದಿಕ್ಕಿಗೇ ಕೈಯಲ್ಲಿ ನಿಧಾನ ತಿರುಗಿಸಿ. ಹೊಗೆ ಹೋಗುವ ವಾಲ್ವ್ ಮುಚ್ಚುತ್ತಾ, ಗಾಳಿ ಬರುವ ವಾಲ್ವ್ ತೆರೆಯಲು ಶುರುವಾಗುವ ಹೊತ್ತಿಗೆ ಪಿಸ್ಟನ್ ಮೇಲಿನ ತುದಿಯ ಗುರುತು ಹತ್ತಿರದಲ್ಲೇ ಇರಬೇಕು. ತುಂಬಾ ದೂರ ಇದ್ದರೆ ಆಗ ಗೇರ್ ಕವರ್ ಬಿಚ್ಚಿಸೋಣ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ.

ಟ್ರ್ಯಾಕ್ಟರ್ ಇರೋರಿಗೆ ಇನ್ನೊಂದು ಮಾತು. ಮಧ್ಯೆ ಐಡ್ಲರ್ ಗೇರ್ ಇರುವ ಎಂಜಿನ್‌ನಲ್ಲಿ ಗುರುತುಗಳೆಲ್ಲ ಒಟ್ಟಿಗೆ ಕೂಡಲು ಎಷ್ಟೋ ಸುತ್ತು ಬೇಕಾಗಬಹುದು. ಕವರ್ ತೆಗೆದ ಕೂಡಲೇ ಗುರುತು ಕೂಡಿಲ್ಲ ಅಂತ ತಪ್ಪು ಹೊರಿಸಬೇಡಿ.

ನನ್ನ ಅಭಿಪ್ರಾಯ ಇಷ್ಟೇ. ಜೇಬಲ್ಲಿ ಫೋನ್ ಇದೆಯಲ್ಲ, ಕವರ್ ಮುಚ್ಚೋ ಮುಂಚೆ ‘ಅಣ್ಣಾ, ಗುರುತು ಕೂಡಿರೋದು ಒಂದು ಫೋಟೋ ತೆಗೀತೀನಿ’ ಅನ್ನಿ. ಟ್ಯಾಪೆಟ್ ಗ್ಯಾಪ್ ಎಷ್ಟಿಟ್ಟಿರಿ ಅಂತ ಕೇಳಿ ಬರೆದುಕೊಳ್ಳಿ. ಹೀಗೆ ಕೇಳೋದು ಅವಮಾನ ಅಲ್ಲ, ಇಬ್ಬರಿಗೂ ರಕ್ಷಣೆ. ಆ ಒಂದು ಫೋಟೋ ಇದ್ದಿದ್ದರೆ ಅವತ್ತು ನಾನು ಆ ಅಣ್ಣನಿಗೆ ಅಷ್ಟು ಮಾತು ಆಡುತ್ತಿರಲಿಲ್ಲ.